ಊರಿಗೆ ಬೆನ್ನು ಮಾಡಿದ ಆಂಟೆನಾ

"ಆಗೋದಿಲ್ಲ ಹುಲಿಗೆಮ್ಮ. ಆ ಊರಿಗೆ ಸಿಗ್ನಲ್ ಕೊಡೋದು ಯಾರ ಕೈಲೂ ಆಗೋದಿಲ್ಲ" ಎಂದವರು ನಮ್ಮ ಹೊಸಪೇಟೆ ಕಚೇರಿಯ ಮುಖ್ಯಸ್ಥರಾಗಿದ್ದ ಮೂರ್ತಿ ಸಾಹೇಬರು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಗೋಡೆಯ ನಕ್ಷೆಯಲ್ಲಿ ಸಂಡೂರಿನ ಗುಡ್ಡದ ಸಾಲಿನ ಮೇಲೆ ಪೆನ್ಸಿಲ್ ಆಡಿಸುತ್ತ, "ಇಲ್ಲಿ ಟವರ್. ಇಲ್ಲಿ ಗುಡ್ಡ. ಗುಡ್ಡದ ಹಿಂದೆ ಊರು. ಗುಡ್ಡದ ನೆತ್ತಿ ಮೇಲೆ ಟವರ್ ಕಟ್ಟೋಣ ಅಂದ್ರೆ ಅರಣ್ಯದವರು ಬಿಡೋದಿಲ್ಲ. ಇನ್ನೇನು, ಅಲೆ ಗುಡ್ಡ ಕೊರ್ಕೊಂಡು ಹೋಗುತ್ತಾ?" ಎಂದು ಕೇಳಿದರು. ಲೆಕ್ಕದ ಪ್ರಕಾರ ಅವರು ಹೇಳಿದ್ದು ಸರಿ. ಅವರಿಗಿಂತ ಮುಂಚೆ ಆ ಕುರ್ಚಿಯಲ್ಲಿ ಕುಳಿತವರೂ ಇದನ್ನೇ ಹೇಳಿದ್ದರು.

ಆದರೆ ಆ ಊರು ನನ್ನ ಪಾಲಿಗೆ ನಕ್ಷೆಯ ಚುಕ್ಕೆ ಆಗಿರಲಿಲ್ಲ. ನನ್ನ ಅಕ್ಕ ಗಂಗಮ್ಮನನ್ನು ಕೊಟ್ಟ ಊರು ಅದು. ಅಕ್ಕ ಅಲ್ಲಿ ಆಶಾ ಕಾರ್ಯಕರ್ತೆ. ಬಸುರಿಯರ, ಬಾಣಂತಿಯರ, ಜ್ವರ ಬಂದ ಕೂಸುಗಳ ಹೊಣೆ ಅವಳದು. ಆಂಬುಲೆನ್ಸಿಗೆ ಫೋನು ಮಾಡಬೇಕಾದರೆ ಊರ ಮೇಲಿನ ಗುಡ್ಡ ಹತ್ತಿ, ತುದಿಯ ಒಂದು ಬಂಡೆಯ ಮೇಲೆ ನಿಲ್ಲಬೇಕಿತ್ತು. ಊರವರು ಅದಕ್ಕೆ ಟವರ್ ಕಲ್ಲು ಎಂದೇ ಹೆಸರಿಟ್ಟಿದ್ದರು. ಹೆರಿಗೆ ನೋವು ಶುರುವಾದವಳ ಕೈ ಬಿಡಿಸಿಕೊಂಡು ಅಕ್ಕ ಗುಡ್ಡ ಹತ್ತಬೇಕು, ಗಾಡಿಗೆ ಹೇಳಬೇಕು, ಇಳಿದು ಬರುವಷ್ಟರಲ್ಲಿ ಏನಾಗಿದೆಯೋ ನೋಡಬೇಕು.

"ನಾ ಮ್ಯಾಲ ಇದ್ದಾಗ ಕೆಳಗ ಹುಟ್ಟಿದ ಕೂಸುಗಳು ಭಾಳ ಅದಾವ ಹುಲಿಗಿ" ಎಂದು ಒಮ್ಮೆ ಹೇಳಿದಳು. "ಹುಟ್ಟಿ ಉಳದಾವ ಅನ್ನು. ಎಲ್ಲಾ ಉಳಿದಿಲ್ಲ."

ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಿಗಾಗಿ ಬರೆಯುತ್ತಿದ್ದೇನೆ. ನನಗೆ ಯಾವ ಹುದ್ದೆ ಯಾವಾಗ ಸಿಕ್ಕಿತು ಎಂಬುದು ನಿಮಗೆ ಬೇಕಿಲ್ಲ. ಆ ಊರಿಗೆ ಸಿಗ್ನಲ್ ಹೇಗೆ ಹೋಯಿತು, ಅದಕ್ಕೆ ಬೇಕಾದದ್ದನ್ನು ನಾನು ಎಲ್ಲೆಲ್ಲಿ ಕಲಿತೆ ಎಂಬುದಷ್ಟೇ ಸಾಕು.

ನಾನು ವಡ್ಡು ಗ್ರಾಮದವಳು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು. ಇದನ್ನು ಸಣ್ಣ ದನಿಯಲ್ಲಿ ಹೇಳುವ ಅಭ್ಯಾಸ ನನಗಿಲ್ಲ. ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಮಾತ್ರ ಬಳ್ಳಾರಿಗೆ ಓದಲು ಕಳಿಸುತ್ತೇವೆ ಎಂದು ಮನೆಯಲ್ಲಿ ಮಾತಾದಾಗ, "ಹುಲಿಗಿ ಹೋಗ್ಲಿ, ನನಗ ಗಣಿತ ಒಗ್ಗಂಗಿಲ್ಲ" ಎಂದವಳು ಅಕ್ಕ. ಗಣಿತದಲ್ಲಿ ಅವಳಿಗೆ ನನಗಿಂತ ಹೆಚ್ಚು ಅಂಕ ಬರುತ್ತಿದ್ದವು. ನಾನು ಇಂಜಿನಿಯರ್ ಆಗಿ ದೂರಸಂಪರ್ಕ ಇಲಾಖೆ ಸೇರಿದಾಗ ನಮ್ಮ ಚಿಕ್ಕಪ್ಪ, "ಇಷ್ಟು ಓದಿದ್ದು ಕಂಬ ಹತ್ತಾಕೇನು?" ಎಂದು ನಕ್ಕಿದ್ದ. ಹೌದು, ಹತ್ತಿದೆ. ಟವರ್ ಹತ್ತದ ಇಂಜಿನಿಯರನ ಮಾತನ್ನು ಟವರ್ ಹತ್ತುವವರು ನಂಬುವುದಿಲ್ಲ. ನೀವೂ ಹತ್ತಿ. ಬೆಲ್ಟ್ ಕಟ್ಟಿಕೊಂಡು ಹತ್ತಿ.

ಮೊದಲ ಪಾಠ ಕಂಪ್ಲಿಯಲ್ಲಿ ಆಯಿತು.

ಹೊಸಪೇಟೆಯಿಂದ ಕಂಪ್ಲಿಗೆ ತಂತಿಯಿಲ್ಲದ ಮೈಕ್ರೋವೇವ್ ಸಂಪರ್ಕ ಹಾಕಿದ್ದೆವು. ಆ ಕಡೆ ಒಂದು ಡಿಶ್, ಈ ಕಡೆ ಒಂದು ಡಿಶ್, ನಡುವೆ ಬಯಲು. ಸರ್ವೆ ಮಾಡಿದ್ದು ಬೇಸಿಗೆಯಲ್ಲಿ. ನಮ್ಮ ಕಡೆ ಎಲ್ಲರೂ ಸರ್ವೆ ಮಾಡುತ್ತಿದ್ದುದೇ ಆಗ. ಕಾಲುವೆಗೆ ನೀರು ನಿಲ್ಲಿಸಿರುತ್ತಾರೆ, ಗದ್ದೆ ಒಣಗಿರುತ್ತದೆ, ಜೀಪು ಎಲ್ಲಿ ಬೇಕಾದರೂ ಹೋಗುತ್ತದೆ. ಒಣ ನೆಲದ ಮೇಲೆ ಸಂಪರ್ಕ ಗಡಿಯಾರದ ಹಾಗೆ ನಡೆಯಿತು. ಕಾಲುವೆಗೆ ನೀರು ಬಿಟ್ಟರು, ಭತ್ತದ ನಾಟಿ ಶುರುವಾಯಿತು, ಕಂಪ್ಲಿಯ ಫೋನುಗಳು ದಿನಾ ಬೆಳಿಗ್ಗೆ ಸಾಯತೊಡಗಿದವು. ಮಧ್ಯಾಹ್ನಕ್ಕೆ ತಾವಾಗಿ ಬದುಕುತ್ತಿದ್ದವು.

ಆಗಿನ ನಮ್ಮ ಮೇಲಧಿಕಾರಿ ಪಾಟೀಲರು ಗಟ್ಟಿ ದನಿಯವರು. ಅವರಿಗೆ ಎಲ್ಲ ರೋಗಕ್ಕೂ ಒಂದೇ ಮದ್ದು. "ಪವರ್ ಏರಸ್ರಿ" ಎಂದರು. ಏರಿಸಿದೆವು. ಮರುದಿನ ಬೆಳಿಗ್ಗೆ ಮತ್ತೆ ಸತ್ತಿತು. "ಇನ್ನಷ್ಟು ಏರಸ್ರಿ." ಇನ್ನಷ್ಟು ಸತ್ತಿತು.

ನಾನು ಖಾಜಾನ ಜೊತೆ ಟವರ್ ಹತ್ತಿದೆ. ಖಾಜಾ ನಮ್ಮ ವಿಭಾಗದಲ್ಲಿ ಆಂಟೆನಾ ಕಟ್ಟುವ ಕೆಲಸದವನು, ನನಗಿಂತ ಸ್ವಲ್ಪ ಕಿರಿಯ. ಮುಂದೆ ನನ್ನ ಸರ್ವೀಸಿನ ಉದ್ದಕ್ಕೂ ಜೊತೆಗಿದ್ದ. ಮೇಲಿನಿಂದ ನೋಡಿದರೆ ಹೊಸಪೇಟೆಯ ದಿಕ್ಕಿಗೆ ಕಣ್ಣು ಹೋದಷ್ಟು ದೂರ ನೀರು ನಿಂತ ಗದ್ದೆ, ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

"ಕನ್ನಡಿ ಹಾಸಿದಂಗ ಐತ್ರಿ ಮೇಡಂ" ಎಂದು ಖಾಜಾ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದ.

ಕಾಲೇಜಿನಲ್ಲಿ ಬರೆದು ಪಾಸಾದ ಪಾಠ ಅಲ್ಲಿ ಕಣ್ಣೆದುರು ಬಿದ್ದಿತ್ತು. ನೇರವಾಗಿ ಬರುವ ಅಲೆಯೊಂದು, ನೀರಿಗೆ ಬಡಿದು ಚಿಮ್ಮಿ ಬರುವ ಅಲೆ ಇನ್ನೊಂದು. ಎರಡೂ ಅದೇ ಡಿಶ್ ಸೇರುತ್ತವೆ. ಒಂದರ ಏರು ಇನ್ನೊಂದರ ಇಳಿವಿಗೆ ಸರಿಯಾಗಿ ಕೂತರೆ ಎರಡೂ ಪರಸ್ಪರ ಅಳಿಸಿಹಾಕಿಕೊಳ್ಳುತ್ತವೆ. ಬೆಳಗಿನ ತಂಪು ಗಾಳಿಯಲ್ಲಿ ಹಾಗೆ ಕೂರುತ್ತಿದ್ದವು, ಬಿಸಿಲೇರಿ ಗಾಳಿ ಕಾದ ಮೇಲೆ ಅಲೆಯ ದಾರಿ ಚೂರು ಬದಲಾಗಿ ತಪ್ಪುತ್ತಿದ್ದವು. ಪವರ್ ಏರಿಸಿದರೆ ನೇರ ಅಲೆಯ ಜೊತೆ ನೀರಿನ ಅಲೆಯೂ ಏರುತ್ತದೆ. ಜಗಳ ದೊಡ್ಡದಾಗುತ್ತದೆ, ಮುಗಿಯುವುದಿಲ್ಲ. ಡಿಶ್ ಇರುವ ಎತ್ತರದಲ್ಲಿ ಅಲೆ ಸತ್ತಿದ್ದರೆ, ಅದಕ್ಕಿಂತ ಸ್ವಲ್ಪ ಕೆಳಗೆ ಅದೇ ಹೊತ್ತಿನಲ್ಲಿ ಬದುಕಿರುತ್ತದೆ. ಹಾಗಾಗಿ ಕೆಳಗೊಂದು ಡಿಶ್ ಹಾಕಿ, ಯಾವುದಕ್ಕೆ ಚೆನ್ನಾಗಿ ಕೇಳುತ್ತದೋ ಅದನ್ನು ತೆಗೆದುಕೊಂಡರೆ ಆಯಿತು.

ಪಾಟೀಲರು ಒಪ್ಪಲು ಸಿದ್ಧರಿರಲಿಲ್ಲ. "ಒಂದು ಕಿವಿಗೆ ಕೇಳದಿದ್ರ ಎರಡನೇದಕ್ಕ ಹೆಂಗ ಕೇಳ್ತದವ್ವಾ?"

"ಹೋಟೆಲಿನ್ಯಾಗ ಗದ್ದಲ ಇದ್ದಾಗ ನೀವು ತಲಿ ಸ್ವಲ್ಪ ಆಕಡೆ ಈಕಡೆ ಮಾಡಿ ಕೇಳಂಗಿಲ್ಲೇನ್ರೀ ಸರ್?"

"ನಾ ಕೇಳಂಗಿಲ್ಲ. ನಾ ಒದರ್ತೀನಿ" ಎಂದರು. ಆಮೇಲೆ ತಾವೇ ನಕ್ಕು ಸ್ಟೋರಿನಿಂದ ಇನ್ನೊಂದು ಡಿಶ್ ಬಿಡುಗಡೆ ಮಾಡಿಸಿದರು. ಆ ಹಂಗಾಮಿನ ನಾಟಿ ಮುಗಿಯುವ ಮುಂಚೆಯೇ ಕಂಪ್ಲಿ ಸರಿಯಾಯಿತು. ಅಲ್ಲಿಂದ ಮುಂದೆ ಗದ್ದೆಯಲ್ಲಿ ನೀರು ನಿಂತಾಗ ಇನ್ನೊಮ್ಮೆ ಸರ್ವೆ ಮಾಡದೆ ನಾನು ಯಾವ ಕಾಗದಕ್ಕೂ ಸಹಿ ಹಾಕಲಿಲ್ಲ. ಕೆಸರಿನಲ್ಲಿ ಚಪ್ಪಲಿ ಕಳೆದುಕೊಂಡರೆ ಕಳೆದುಕೊಳ್ಳಿ, ನೀವೂ ಹಾಗೇ ಮಾಡಿ.

ಆಗ ನನ್ನ ತಲೆಯಲ್ಲಿ ಕೂತ ಲೆಕ್ಕ ಇಷ್ಟೇ: ಎಲ್ಲಿಗೋ ಬಡಿದು ಬರುವ ಅಲೆ ಶತ್ರು, ಎರಡು ಆಂಟೆನಾ ಅದರಿಂದ ಪಾರಾಗುವ ದಾರಿ. ಹಂಪಿಗೆ ಹೋದ ಮೇಲೆ ಈ ಲೆಕ್ಕದ ಅರ್ಧ ತಲೆಕೆಳಗಾಯಿತು.

ಆ ಹೊತ್ತಿಗೆ ಊರೆಲ್ಲ ಮೊಬೈಲು ಬಂದು, ಅದರಲ್ಲೂ ತಲೆಮಾರುಗಳು ಬದಲಾಗಿದ್ದವು. ಹಂಪಿಯ ಸ್ಮಾರಕಗಳ ಹತ್ತಿರ ಎತ್ತರದ ಟವರಿಗೆ ಅನುಮತಿ ಸಿಗುವುದಿಲ್ಲ. ದೂರದಲ್ಲಿ ಗಿಡ್ಡ ಕಂಬ ನೆಟ್ಟು, ಕಲ್ಲಿನ ಬಣ್ಣ ಬಳಿದು, ಬಂಡೆಗಳ ಸಂದಿಯಿಂದ ಸಿಗ್ನಲ್ ತೂರಿಸಬೇಕು. ಇಷ್ಟು ಬಂಡೆಗಳಿಗೆ ಬಡಿದು ಬರುವ ಅಲೆಯಿಂದ ಕಂಪ್ಲಿಯ ಗೋಳೇ ನೂರು ಪಟ್ಟಾಗುತ್ತದೆ ಎಂದುಕೊಂಡೇ ಹೋದೆ. ಹೊಸ ಯಂತ್ರಗಳಲ್ಲಿ ಒಂದೇ ಡಬ್ಬಿಯೊಳಗೆ ಹಲವು ಆಂಟೆನಾಗಳಿದ್ದವು. ಅವು ಬರೀ ಕೇಳುವುದಲ್ಲ, ಒಂದೇ ತರಂಗಾಂತರದಲ್ಲಿ ಬೇರೆ ಬೇರೆ ಮಾತನ್ನು ಒಟ್ಟಿಗೇ ಕಳಿಸುತ್ತಿದ್ದವು. ಫೋನಿನಲ್ಲೂ ಒಂದಕ್ಕಿಂತ ಹೆಚ್ಚು ಆಂಟೆನಾ. ಕಲಸಿಹೋದ ಮಾತನ್ನು ಅದು ಲೆಕ್ಕ ಹಾಕಿ ಬಿಡಿಸಿಕೊಳ್ಳುತ್ತದೆ.

ಅಳೆದು ನೋಡಿದೆವು. ಕಂಪ್ಲಿಯ ಬಯಲಿನಲ್ಲಿ ಸಿಗ್ನಲ್ ಗಟ್ಟಿ, ವೇಗ ಅಷ್ಟಕ್ಕಷ್ಟೆ. ಹಂಪಿಯ ಬಂಡೆಗಳ ನಡುವೆ ಸಿಗ್ನಲ್ ಅದಕ್ಕಿಂತ ಕಡಿಮೆ, ವೇಗ ಹೆಚ್ಚು. ನಾನು ಮೀಟರ್ ಕೆಟ್ಟಿದೆ ಎಂದುಕೊಂಡು ಬೇರೆಯದನ್ನು ತರಿಸಿದೆ. ಅದೂ ಹಾಗೇ ಹೇಳಿತು.

ಖಾಜಾ ಬಂಡೆಯೊಂದರ ನೆರಳಲ್ಲಿ ಕುಳಿತು ಬುತ್ತಿ ಬಿಚ್ಚುತ್ತಿದ್ದ. "ಏನ್ರೀ ಮೇಡಂ, ಮೀಟರ್ ಸುಳ್ಳು ಹೇಳಕತ್ತೈತೇನು?"

"ಮೀಟರ್ ಖರೇನ ಹೇಳಕತ್ತೈತಿ ಖಾಜಾ. ನಾನ ತಪ್ಪು ತಿಳಿದಿದ್ದೆ."

ಬಯಲಿನಲ್ಲಿ ಎಲ್ಲ ಆಂಟೆನಾಗಳ ಮಾತೂ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಬಂದು ಒಂದೇ ತರ ಕೇಳುತ್ತದೆ. ಬಿಡಿಸುವುದು ಕಷ್ಟ. ಬಂಡೆಗಳ ನಡುವೆ ಒಂದೊಂದು ಆಂಟೆನಾದ ಮಾತು ಒಂದೊಂದು ಬಂಡೆಗೆ ಬಡಿದು, ಬೇರೆ ಬೇರೆ ದಾರಿಯಲ್ಲಿ ಬರುತ್ತದೆ. ದಾರಿ ಬೇರೆಯಾದಷ್ಟೂ ಬಿಡಿಸುವುದು ಸಲೀಸು. ಶತ್ರು ಎಂದುಕೊಂಡಿದ್ದ ಬಂಡೆ ನಮ್ಮ ಪರವಾಗಿ ಕೆಲಸ ಮಾಡುತ್ತಿತ್ತು. ಅದು ತಿಳಿದ ದಿನ ಹೊಸಪೇಟೆಗೆ ವಾಪಸಾಗುವಾಗ ಜೀಪಿನಲ್ಲಿ ನಾನು ಯೋಚಿಸಿದ್ದು ಹಂಪಿಯನ್ನಲ್ಲ, ಅಕ್ಕನ ಊರನ್ನು.

ಮುಂದಿನ ಭಾನುವಾರ ಅಕ್ಕನ ಮನೆಗೆ ಹೋದೆ. ಅಂಗಳದಲ್ಲಿ ನಿಂತು ಸುತ್ತ ನೋಡಿದೆ. ಟವರಿನ ಕಡೆಗೆ ಗುಡ್ಡ ಅಡ್ಡ. ಆದರೆ ಎದುರಿಗೆ, ಕಣಿವೆಯ ಆಚೆ, ಕೆಲಸ ನಿಂತ ಹಳೆಯ ಗಣಿ. ಬೆಟ್ಟವನ್ನು ಕತ್ತರಿಸಿದ ಕೆಂಪು ಗೋಡೆ ಮೆಟ್ಟಿಲು ಮೆಟ್ಟಿಲಾಗಿ ನೆಟ್ಟಗೆ ನಿಂತಿತ್ತು. ಮರುದಿನ ಕಣಿವೆಯ ಬಾಯಲ್ಲಿರುವ ನಮ್ಮ ಟವರ್ ಹತ್ತಿದೆ. ಅಲ್ಲಿಂದ ಊರು ಕಾಣಲಿಲ್ಲ. ಆ ಕೆಂಪು ಗೋಡೆ ಕಂಡಿತು. ಎರಡೂ ಕಡೆಗೆ ಕಾಣುವುದು ಅದೊಂದೇ.

ಮೂರ್ತಿ ಸಾಹೇಬರ ಮುಂದೆ ಹೋಗಿ, ನಾಲ್ಕು ಆಂಟೆನಾದ ಯಂತ್ರವನ್ನು ಊರಿನ ಕಡೆಗಲ್ಲ, ಗಣಿ ಗೋಡೆಯ ಕಡೆಗೆ ತಿರುಗಿಸಿ ಕಟ್ಟುತ್ತೇನೆ ಎಂದೆ. ಅವರು ಕನ್ನಡಕ ತೆಗೆದರು.

"ಊರಿಗೆ ಬೆನ್ನು ಮಾಡಿ?"

"ಹೌದು ಸರ್. ಗೋಡೆಗೆ ಬಡಿದದ್ದು ಊರೊಳಗ ಬೀಳ್ತದ. ಅಲ್ಲಿಂದ ಫೋನಿನ ಮಾತು ಬರೋದೂ ಗೋಡೆ ಮ್ಯಾಲಿಂದನ. ಫೋನಿನ ಶಕ್ತಿ ಕಡಿಮಿ, ಚೂರುಚೂರಾಗಿ ಬರ್ತದ. ನಾಲ್ಕು ಆಂಟೆನಾ ನಾಲ್ಕು ಚೂರು ಹಿಡದು ಕೂಡಿಸಿದ್ರ ಒಂದು ಪೂರಾ ಮಾತಾಗ್ತದ."

ಅವರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. "ನಿಮ್ಮ ನಿವೃತ್ತಿ ಹತ್ತಿರ ಬಂತು. ಈಗ ಯಾಕೆ ಈ ತಲೆನೋವು?"

"ನಿವೃತ್ತಿ ಹತ್ತಿರ ಬಂತು ಅಂತನ ಸರ್."

"ಒಂದು ಯೂನಿಟ್ ಕೊಡ್ತೀನಿ. ಸ್ವೀಕಾರ ಪರೀಕ್ಷೆ ಪಾಸಾಗ್ಲಿಲ್ಲ ಅಂದ್ರೆ ಬಿಚ್ಚಿಸಿ ಬೇರೆ ಊರಿಗೆ ಕಳಿಸ್ತೀನಿ. ಆಮೇಲೆ ಬೇಜಾರು ಮಾಡ್ಕೋಬಾರದು."

ಸ್ವೀಕಾರ ಪರೀಕ್ಷೆ ಎಂದರೆ ಏನೆಂದು ಹೊಸಬರಿಗೆ ಹೇಳಬೇಕು. ನೀವು ಏನೇ ಕಟ್ಟಿ, ಬೇರೆ ವಿಭಾಗದ ಅಧಿಕಾರಿ ಬಂದು, ತಾನೇ ಅಳೆದು, ಸರಿಯಿದೆ ಎಂದು ಪ್ರಮಾಣಪತ್ರ ಕೊಡುವ ತನಕ ಅದು ಕಟ್ಟಿದ ಹಾಗಲ್ಲ. ಆ ಪತ್ರ ಇದ್ದರೆ ಮುಂದೆ ಯಾರೂ ಯಂತ್ರವನ್ನು ಸುಮ್ಮನೆ ಬಿಚ್ಚಿ ಒಯ್ಯುವಂತಿಲ್ಲ. ಅಕ್ಕ ಇನ್ನು ಗುಡ್ಡ ಹತ್ತಬೇಕೋ ಬೇಡವೋ ಎಂಬುದು ಆ ಒಂದು ಹಾಳೆಯ ಮೇಲೆ ನಿಂತಿತ್ತು.

ಯಂತ್ರ ಕಟ್ಟಿದೆವು. ಗಾಳಿಯ ದಿನಗಳು ಕಳೆದ ಮೇಲೆ ಕೇಬಲ್ಲುಗಳ ಕೀಲಿಗೆ ಮಳೆನೀರು ಇಳಿಯದಂತೆ ಬಿಗಿಯಲು ಖಾಜಾ ಒಮ್ಮೆ ಎಲ್ಲ ಬಿಚ್ಚಿ ಮತ್ತೆ ಹಾಕಿದ. ಆಮೇಲೆ ಬಳ್ಳಾರಿಯಿಂದ ಪರೀಕ್ಷೆಯ ಅಧಿಕಾರಿ ಬಂದ. ಚಿಕ್ಕ ವಯಸ್ಸಿನವ, ಮಾತು ಕಮ್ಮಿ. ಊರಿನ ಜನ ಹಿಂದೆಯೇ ಬಂದರು. ಗುಡ್ಡದ ತುದಿಗೆ ಹೋಗಿ ಟವರ್ ನೋಡಿಬಂದಿದ್ದ ದುರುಗಪ್ಪ ತಾತ ಎಲ್ಲರಿಗಿಂತ ಮುಂದಿದ್ದ.

"ಯವ್ವಾ, ನಿನ್ನ ಡಬ್ಬಿ ನಮ್ಮೂರಿಗೆ ಬೆನ್ನ ಮಾಡಿ ನಿಂತೈತಿ. ನಮ್ಮ ಮ್ಯಾಲ ಏನರ ಸಿಟ್ಟೈತೇನು ಅದಕ್ಕ?"

"ಇಲ್ಲ ತಾತ. ಅದು ಆ ಗಣಿ ಗೋಡಿಗೆ ಹೇಳ್ತೈತಿ, ಗೋಡಿ ನಿಮಗ ಹೇಳ್ತೈತಿ."

"ಹಂಗಾರ ಚಾಡಿ ಹೇಳೋ ಡಬ್ಬಿ ಅನ್ನು" ಎಂದ ತಾತ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಗು ಬೇಗ ನಿಂತಿತು. ಅಧಿಕಾರಿಯ ಫೋನಿನಲ್ಲಿ ಸಿಗ್ನಲಿನ ಗೆರೆಗಳೇನೋ ಕಂಡವು. ಕರೆಯೂ ಹೋಯಿತು. ಅತ್ತಲಿನವರ ಮಾತು ನಮಗೆ ಕೇಳುತ್ತಿತ್ತು, ನಮ್ಮ ಮಾತು ಅವರಿಗೆ ಕೇಳುತ್ತಿರಲಿಲ್ಲ. "ಹಲೋ, ಯಾರು, ಮಾತಾಡ್ರಿ" ಎಂದು ಅತ್ತಲಿನ ದನಿ ಕೇಳುತ್ತಲೇ ಇತ್ತು. ಅಧಿಕಾರಿ ಅಂಗಳ ಬದಲಿಸಿದ, ಓಣಿ ಬದಲಿಸಿದ. ಎಲ್ಲ ಕಡೆ ಅದೇ. "ಫೇಲ್ ಅಂತ ಬರೀಬೇಕಾಗ್ತದ ಮೇಡಂ" ಎಂದ, ನನ್ನ ಮುಖ ನೋಡದೆ.

"ಬರೀರಿ. ಮುಂದಿನ ವಾರ ಮತ್ತ ಬರ್ರಿ."

"ಸಾಹೇಬ್ರು ಒಪ್ಪಬೇಕಲ್ರಿ."

ಟವರ್ ಕಲ್ಲು ಹತ್ತಿ ಫೋನು ಮಾಡಿದೆ. ಮೂರ್ತಿ ಸಾಹೇಬರು, "ಒಂದೇ ಸಲ. ಆಮೇಲೆ ಬಿಚ್ಚಿಸ್ತೀನಿ" ಎಂದರು. ಅಕ್ಕ ನಮಗೆಲ್ಲ ಚಹಾ ಕೊಟ್ಟಳು, ಲೋಟ ತೆಗೆದುಕೊಂಡು ಒಳಗೆ ಹೋದಳು. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಲೆಕ್ಕ ತಪ್ಪಿರಲಾರದು ಎಂಬ ಗಟ್ಟಿ ನಂಬಿಕೆ ನನಗಿತ್ತು. ನಂಬಿಕೆಯಿಂದ ಫೋನು ನಡೆಯುವುದಿಲ್ಲ, ಹುಡುಕಬೇಕು. ನಮ್ಮ ಟವರಿನಲ್ಲಿ ಇದಲ್ಲದೆ ಕೆಳಗಿನ ಲಾರಿ ರಸ್ತೆಗೆ ಮುಖ ಮಾಡಿದ, ನಾಲ್ಕು ಆಂಟೆನಾದ ಇನ್ನೊಂದು ಯಂತ್ರವೂ ಇತ್ತು. ಖಾಜಾನನ್ನು ಟವರಿನ ಬುಡದಲ್ಲಿ ಕೂರಿಸಿ, ಊರಿನ ಆಂಟೆನಾಗಳನ್ನು ಒಂದೊಂದಾಗಿ ಆರಿಸಲು ಹೇಳಿದೆ. ನಮ್ಮ ಡ್ರೈವರ್ ಮೀಟರ್ ಹಿಡಿದು ಲಾರಿ ರಸ್ತೆಯಲ್ಲಿ ನಿಂತ. ನಾನು ಇನ್ನೊಂದು ಮೀಟರ್ ಹಿಡಿದು ಟವರ್ ಕಲ್ಲಿನ ಮೇಲೆ ನಿಂತೆ. ಅಲ್ಲಿಂದ ಫೋನು ಸಿಗುತ್ತಿತ್ತು, ಅವರಿಬ್ಬರನ್ನೂ ಒಂದೇ ಕರೆಯಲ್ಲಿ ಸೇರಿಸಿಕೊಂಡೆ. ಗಣಿ ಗೋಡೆಯೂ ಎದುರಿಗೇ ಇತ್ತು. ಮೊದಲನೆಯದನ್ನು ಆರಿಸಿದ, ನನ್ನ ಮೀಟರ್ ಇಳಿಯಿತು. ಎರಡನೆಯದನ್ನು ಆರಿಸಿದ, ಇಳಿಯಿತು. ಮೂರನೆಯದನ್ನು ಆರಿಸಿದ. ಮುಳ್ಳು ಅಲುಗಲಿಲ್ಲ.

"ಆರಿಸಿದ್ಯೇನೋ ಖಾಜಾ?"

"ಆರಿಸೀನ್ರಿ ಮೇಡಂ."

ಡ್ರೈವರ್ ನಡುವೆ ಬಾಯಿ ಹಾಕಿದ. "ಮೇಡಂ, ಇಲ್ಲಿ ರಸ್ತಿ ಮ್ಯಾಲಿನ ಸಿಗ್ನಲ್ ಇಳೀತ್ರಿ."

ನಾಲ್ಕನೆಯದೂ ಹಾಗೇ. ಊರಿನದೆಂದು ನಾವು ತಿಳಿದ ನಾಲ್ಕರಲ್ಲಿ ಎರಡು ಕೇಬಲ್ಲು ಲಾರಿ ರಸ್ತೆಯ ಆಂಟೆನಾಕ್ಕೆ ಸೇರಿದ್ದವು. ರಸ್ತೆಯದರಲ್ಲಿ ಎರಡು ಇಲ್ಲಿಗೆ ಬಂದಿದ್ದವು. ಅಂದರೆ ಗಣಿ ಗೋಡೆಯ ಕಡೆಗೆ ಕಿವಿ ಕೊಟ್ಟಿದ್ದು ಎರಡೇ ಆಂಟೆನಾ. ಉಳಿದೆರಡು ಲಾರಿಗಳ ಸದ್ದು ಕೇಳುತ್ತ ಕೂತಿದ್ದವು. ನಾಲ್ಕು ಚೂರು ಕೂಡಿಸಬೇಕಾದ ಯಂತ್ರ ಎರಡು ಚೂರಿಗೆ ಎರಡು ಕಸ ಕೂಡಿಸುತ್ತಿತ್ತು.

ಖಾಜಾ ಇಂತಹ ತಪ್ಪು ಮಾಡುವವನಲ್ಲ. ನಾನು ಇಳಿದು ಬಂದು ಅವನ ಜೊತೆ ಟವರ್ ಹತ್ತಿದೆ. ಯಾವ ಕೇಬಲ್ ಯಾವುದಕ್ಕೆ ಎಂದು ಗುರುತಿಸಲು ನಾವು ಬಣ್ಣದ ಟೇಪು ಸುತ್ತುತ್ತೇವೆ. ಕೆಂಪು, ಹಳದಿ, ನೀಲಿ, ಹಸಿರು. ಕುರೆಕುಪ್ಪ, ತೋರಣಗಲ್ಲು, ಸಂಡೂರಿನ ಕಡೆ ಕೆಲಸ ಮಾಡಿದವರಿಗೆ ಮುಂದಿನದು ಹೇಳಬೇಕಿಲ್ಲ. ಅದಿರಿನ ಧೂಳು ಗಾಳಿಗೆ ಎದ್ದು, ಟೇಪಿನ ಅಂಟಿಗೆ ಹಿಡಿದು, ಮಂಜಿನಲ್ಲಿ ನೆಂದು ಒಣಗಿತ್ತು. ಅಷ್ಟೂ ಟೇಪು ಕೆಂಪು.

ಖಾಜಾ ತನ್ನ ಹೆಬ್ಬೆರಳಿಂದ ಒಂದನ್ನು ಉಜ್ಜಿದ. ಒಳಗೆ ಹಳದಿ ಇಣುಕಿತು. "ತೌಬಾ" ಎಂದ. "ಅವತ್ತು ಬಿಚ್ಚಿ ಹಾಕುವಾಗ ನಾ ಇದನ್ನ ಕೆಂಪಂತ ಹಾಕೀನ್ರಿ ಮೇಡಂ."

"ಯಾರಿದ್ರೂ ಹಂಗ ಹಾಕ್ತಿದ್ರು. ಇಲ್ಲಿ ಬಣ್ಣ ನಂಬಿ ಕೆಲಸ ಮಾಡಬಾರದಿತ್ತು. ತಂತಿ ಐತೇನು?"

ಎಂಟೂ ಕೇಬಲ್ಲುಗಳನ್ನು ಬಿಚ್ಚಿ ಸರಿಯಾಗಿ ಹಾಕಿದೆವು. ಮೊದಲನೆಯದಕ್ಕೆ ತಂತಿಯ ಒಂದು ಉಂಗುರ, ಎರಡನೆಯದಕ್ಕೆ ಎರಡು, ಹೀಗೆ. ರಸ್ತೆಯ ಯಂತ್ರದ ಉಂಗುರಗಳಿಗೆ ಗಂಟು ಹಾಕಿದೆವು, ಊರಿನದಕ್ಕೆ ಹಾಕಲಿಲ್ಲ. ಈಗ ಯಾರೇ ಹತ್ತಲಿ, ಎಷ್ಟೇ ಧೂಳು ಕೂರಲಿ, ಬೆರಳಾಡಿಸಿದರೆ ಯಾವುದು ಯಾವುದೆಂದು ತಿಳಿಯುತ್ತದೆ. ಅದಿರಿನ ನಾಡಿನಲ್ಲಿ ಕೆಲಸ ಮಾಡುವವರೆಲ್ಲ ಹೀಗೇ ಗುರುತು ಮಾಡಿ ಎಂದು ನಾನು ಹೋದಲ್ಲೆಲ್ಲ ಹೇಳಿದೆ. ಕೆಲವರು ಕೇಳಿದರು. ಕೇಳದವರ ಕೇಬಲ್ಲುಗಳು ಇವತ್ತಿಗೂ ಅದಲುಬದಲಾಗುತ್ತಿರುತ್ತವೆ.

ಎರಡನೆಯ ಪರೀಕ್ಷೆಗೆ ಮೂರ್ತಿ ಸಾಹೇಬರೂ ಬಂದರು. ಯಂತ್ರ ಬಿಚ್ಚಿ ಒಯ್ಯಲು ಸ್ಟೋರಿನ ಗಾಡಿಯನ್ನೂ ಹಿಂದೆಯೇ ಕರೆತಂದಿದ್ದರು. ನಾನು ಅದನ್ನು ನೋಡಿಯೂ ನೋಡದ ಹಾಗೆ ಇದ್ದೆ. ಅಧಿಕಾರಿ ಶಾಲೆಯ ಮುಂದೆ ನಿಂತು ಮಾತಾಡಿದ, ಅತ್ತಲಿನವರಿಗೆ ಕೇಳಿತು. ನೀರಿನ ಟ್ಯಾಂಕಿನ ಹತ್ತಿರ ಮಾತಾಡಿದ, ಕೇಳಿತು. ಕೆಳ ಓಣಿಯಲ್ಲಿ ಒಂದು ಕಡೆ ಕರೆ ಕಡಿಯಿತು. ಅಧಿಕಾರಿ ಏನೋ ಬರೆದುಕೊಂಡ. ಎರಡು ಹೆಜ್ಜೆ ಸರಿದು ಮತ್ತೆ ಮಾಡಿದ, ಕೇಳಿತು. ಕೊನೆಯ ಜಾಗ ಅಕ್ಕನ ಮನೆ. ಅಂಗಳದಲ್ಲಿ ಮಾತಾಡಿದ. ಪಡಸಾಲೆಗೆ ಹೋಗಿ ಮಾತಾಡಿದ. ನಾನು ಹೇಳುವ ಮುಂಚೆಯೇ ಅಕ್ಕ, "ಅಡಗಿ ಮನ್ಯಾಗೂ ಮಾತಾಡ್ರಿ ಸಾಹೇಬ್ರ" ಎಂದಳು. ಒಲೆಯ ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತ ಅವನು ಮಾತಾಡಿದ.

"ನಿಮ್ಮ ದನಿ ಸ್ಪಷ್ಟ ಐತ್ರಿ, ಯಾಕ ಕೆಮ್ಮಾಕತ್ತೀರಿ?" ಎಂದಿತು ಅತ್ತಲಿನ ದನಿ.

ಮೂರ್ತಿ ಸಾಹೇಬರು ಹೊರಗೆ ಹೋಗಿ ಸ್ಟೋರಿನ ಗಾಡಿಯವನಿಗೆ ಏನೋ ಹೇಳಿದರು. ಗಾಡಿ ತಿರುಗಿ ಹೋಯಿತು. ವಾಪಸ್ ಬಂದು, "ಆಗೋದಿಲ್ಲ ಅಂದಿದ್ದೆ" ಎಂದರು. ಅಷ್ಟೇ ಎಂದರು. ಅಷ್ಟು ಹೇಳುವ ಮೇಲಧಿಕಾರಿಗಳು ನನ್ನ ಸರ್ವೀಸಿನಲ್ಲಿ ಕಡಿಮೆ.

ಅಧಿಕಾರಿ ಅಕ್ಕನ ಮನೆಯ ಕಟ್ಟೆಯ ಮೇಲೆ ಕುಳಿತು ಪ್ರಮಾಣಪತ್ರ ಬರೆದ. ಸಹಿ ಮಾಡಿ, ಮೊಹರು ಒತ್ತಿ, ಎದ್ದು ನಿಂತು ಎರಡೂ ಕೈಯಿಂದ ನನಗೆ ಕೊಟ್ಟ. ಯಂತ್ರದ ಸಂಖ್ಯೆ, ಊರಿನ ಹೆಸರು, ಸ್ವೀಕರಿಸಲಾಗಿದೆ ಎಂಬ ಪದ. ಓದಲಿ ಎಂದು ಅಕ್ಕನ ಕಡೆ ಚಾಚಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಳ್ಳಬೇಕು, ಅಷ್ಟರಲ್ಲಿ ಒಳಗೆ ಗೂಡಿನಲ್ಲಿದ್ದ ಅವಳ ಫೋನು ಬಡಿದುಕೊಂಡಿತು. ಕಾಗದ ನನ್ನ ಕೈಯಲ್ಲೇ ಉಳಿಯಿತು, ಅವಳು ಒಳಗೆ ಓಡಿದಳು. ಊರಾಚೆಯ ಹೊಲದ ಮನೆಯಲ್ಲಿದ್ದ ರೇಣುಕಾ ಎಂಬ ತುಂಬು ಬಸುರಿ ಫೋನು ಮಾಡಿದ್ದಳು. ಕಟ್ಟೆಯ ಮೇಲಿದ್ದ ನಮಗೆಲ್ಲ ಅಕ್ಕನ ದನಿ ಕೇಳುತ್ತಿತ್ತು.

"ಹೇಳ ರೇಣುಕಾ. ಮನ್ಯಾಗ ಅದೀನವ್ವಾ. ನೋವು ಯಾವಾಗಿಂದ ಸುರುವಾತು? ನೀ ಕುಂದ್ರು, ನಡಿಯಾಕ ಹೋಗಬ್ಯಾಡ. ಗಾಡಿಗೆ ಹೇಳ್ಕೋತ ನಿಮ್ಮನಿಗೆ ಬರ್ತೀನಿ."